ಮೂವತ್ತೊಂದನೇ ಹಾಸಿಗೆ

ಚೀಟಿ ಬೆಳಿಗ್ಗೆಯೇ ಬಂದಿತ್ತು. ಹೊರಗೆ ನಲವತ್ತು ಜನ ಕಾಯುತ್ತಿದ್ದರು. ಮನೋವೈದ್ಯೆ ಅದರ ಮೇಲೆ ಕಣ್ಣಾಡಿಸಿ ಪಕ್ಕಕ್ಕಿಟ್ಟಿದ್ದಳು. 'ಗಂಡು, ಇಪ್ಪತ್ತಾರು ವರ್ಷ. ಎರಡು ತಿಂಗಳಿಂದ ನಿದ್ದೆಯಿಲ್ಲ. ಬದುಕುವ ಆಸೆಯಿಲ್ಲ ಎನ್ನುತ್ತಾರೆ. ದಯವಿಟ್ಟು ಇವತ್ತೇ ನೋಡಿ. ಹಾಸಿಗೆ ಮೂವತ್ತೊಂದು.' ಕೆಳಗೆ ಸರ್ಜರಿ ವಾರ್ಡಿನ ಜೂನಿಯರ್ ಡಾಕ್ಟರನ ಸಹಿ. ಅವಳು ವಾರ್ಡಿಗೆ ಬರುವಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆಯಾಗಿತ್ತು.

"ಮೂವತ್ತೊಂದಾ?" ಹೆಡ್ ಸಿಸ್ಟರ್ ನಕ್ಕಳು. "ನಮ್ಮಲ್ಲಿರೋದೇ ಮೂವತ್ತು ಮೇಡಂ. ಪಾಪ, ನಿದ್ದೆಗಣ್ಣಲ್ಲಿ ಏನೋ ಗೀಚಿದ್ದಾನೆ. ನಿನ್ನೆ ಬೆಳಿಗ್ಗೆ ಬಂದವನು ಇನ್ನೂ ಮನೆ ಮುಖ ನೋಡಿಲ್ಲ."

"ಇಪ್ಪತ್ತಾರು ವರ್ಷದ ರೋಗಿ ಯಾರಿದ್ದಾರೆ?"

"ಎಲ್ಲಾ ಅಜ್ಜಂದಿರೇ. ಇಪ್ಪತ್ತಾರು ಅಂದ್ರೆ ಇಡೀ ವಾರ್ಡಿಗೆ ಅವನೊಬ್ಬನೇ..."

ಸಿಸ್ಟರ್ ಮಾತು ಬಾಯಲ್ಲೇ ಉಳಿಯಿತು. ಮನೋವೈದ್ಯೆ ಆ ಜೂನಿಯರ್ ಡಾಕ್ಟರನಿಗೆ ಫೋನ್ ಮಾಡಿದರೆ ರಿಂಗ್ ಆಗಿ ಆಗಿ ನಿಂತಿತು.

ಇಬ್ಬರೂ ಓಡಿದರು. ಡ್ಯೂಟಿ ರೂಮಿನಲ್ಲಿಲ್ಲ, ಮೆಟ್ಟಿಲ ಬಳಿ ಇಲ್ಲ. ಮುಚ್ಚಿದ ಪ್ರತಿ ಬಾಗಿಲ ಮುಂದೆಯೂ ಮನೋವೈದ್ಯೆಯ ಕೈ ಒಂದು ಕ್ಷಣ ಹಿಂಜರಿಯುತ್ತಿತ್ತು. ಹೋದ ವರ್ಷ ವೈದ್ಯಕೀಯ ವಿದ್ಯಾರ್ಥಿನಿಯೊಬ್ಬಳ ಕೋಣೆಯ ಇಂಥದ್ದೇ ಬಾಗಿಲನ್ನು ತಡವಾಗಿ ತೆರೆದಿದ್ದರು. ಆ ವಿದ್ಯಾರ್ಥಿನಿಯ ಸಂತಾಪ ಸಭೆಯಲ್ಲಿ ಮುಖ್ಯ ಸರ್ಜನ್, "ಈ ವೃತ್ತಿ ಗಟ್ಟಿಗರಿಗೆ ಮಾತ್ರ" ಎಂದಿದ್ದ. ಎಲ್ಲರೂ ತಲೆತಗ್ಗಿಸಿದ್ದರು, ಇವಳೂ ತಗ್ಗಿಸಿದ್ದಳು. ಮನೋರೋಗ ವಿಭಾಗದ ರಿಜಿಸ್ಟರಿನಲ್ಲಿ ಡಾಕ್ಟರನ ಹೆಸರು ಬಿದ್ದರೆ ಸಂಜೆಯೊಳಗೆ ಡಂಗುರ ಹೊಡೆಯುವ ಆಸ್ಪತ್ರೆಯಲ್ಲಿ, ಪಾಪದವನು ರೋಗಿಯ ವೇಷ ಹಾಕದೆ ಇನ್ನೇನು ಮಾಡಿಯಾನು?

ಬಟ್ಟೆ ಇಡುವ ಕೋಣೆಯಲ್ಲಿ ಸಿಕ್ಕ. ಮಡಿಸಿಟ್ಟ ಹೊದಿಕೆಗಳ ನಡುವೆ, ಗೋಡೆ ನೋಡುತ್ತಾ ಕುಳಿತಿದ್ದ. ಮನೋವೈದ್ಯೆ ನೆಲದ ಮೇಲೆ ಅವನ ಪಕ್ಕದಲ್ಲೇ ಕೂತಳು.

"ಆ ಚೀಟಿ ನಿಮ್ಮ ಬಗ್ಗೇನೇ ಅಲ್ವಾ?"

ಅವನು ಪಕ್ಕದ ಹೊದಿಕೆಯೊಂದರ ಮಡಿಕೆ ಸರಿಪಡಿಸತೊಡಗಿದ.

"ಸಾಯಬೇಕು ಅನ್ನಿಸ್ತಿದೆಯಾ?"

"ಹೌದು ಮೇಡಂ. ಸರ್‌ಗೆ ಹೇಳ್ಬೇಡಿ, ಸರ್ಜರಿ ಪರೀಕ್ಷೆಗೇ ಕೂರಿಸಲ್ಲ" ಎಂದ.

ಅಷ್ಟರಲ್ಲಿ ಮುಖ್ಯ ಸರ್ಜನ್ನೇ ಬಾಗಿಲಲ್ಲಿ ನಿಂತಿದ್ದ. "ಏನಯ್ಯಾ, ಇದೇನು ಸೋಮಾರಿ ಕಟ್ಟೆನಾ? ಥಿಯೇಟರಲ್ಲಿ ಕೇಸ್ ಕಾಯ್ತಿದೆ, ಏಳು!"

ಹುಡುಗ ಏಳಹೋದ. ಮನೋವೈದ್ಯೆ ಅವನ ತೋಳು ಹಿಡಿದಳು.

"ಅವರು ಬರಲ್ಲ ಸರ್. ಹುಷಾರಿಲ್ಲ."

"ಏನಂತೆ? ಜ್ವರಾನಾ?"

"ಅದು ನನಗೂ ನನ್ನ ರೋಗಿಗೂ ಬಿಟ್ಟ ಮಾತು."

"ನಾವೆಲ್ಲ ಮೂರು ದಿನ ನಿಂತ ಕಾಲಲ್ಲೇ ದುಡಿದವರಮ್ಮ!"

"ಹೋದ ವರ್ಷಾನೂ ಇದನ್ನೇ ಹೇಳಿದ್ರಿ ಸರ್. ಆಮೇಲೆ ಎರಡು ನಿಮಿಷ ಎದ್ದು ನಿಂತ್ವಿ."

ಅವನ ಮುಖ ಕಪ್ಪಿಟ್ಟಿತು. "ನಿಮ್ಮ ಮೇಲೂ ಕಂಪ್ಲೇಂಟ್ ಬರೀತೀನಿ, ನೋಡ್ತಿರಿ" ಎಂದು ಹೊರಟುಹೋದ. ಅವನು ಬರೆಯುತ್ತಾನೆಂದು ಅವಳಿಗೂ ಗೊತ್ತಿತ್ತು.

"ಮನೆಯಲ್ಲಿ ಯಾರಿಗೆ ಹೇಳೋಣ?" ಮನೋವೈದ್ಯೆ ಹುಡುಗನತ್ತ ತಿರುಗಿದಳು.

"ಅಕ್ಕ ಇದ್ದಾಳೆ."

ಅವನು ತನ್ನ ಫೋನನ್ನು ಮನೋವೈದ್ಯೆಯ ಕೈಗಿಟ್ಟ. ನಂಬರನ್ನು ಅವಳೇ ಒತ್ತಿದಳು.

"ಏನೋ ಪುಟ್ಟಾ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ? ನೀನಾಗೇ ಫೋನ್ ಮಾಡಿದ್ದೀಯ!" ಎಂದು ಅತ್ತ ಕಡೆ ನಗು. ಇತ್ತ ಅವನು ಬಿಕ್ಕಿದ. ನಗು ನಿಂತಿತು. "ಎಲ್ಲಿದ್ದೀಯ? ಅಲ್ಲೇ ಇರು. ಕೇಳಿಸ್ತಾ? ಅಲ್ಲೇ ಇರು, ಬಂದೆ."

ಅಕ್ಕ ಬರಲು ಒಂದು ಗಂಟೆ ಬೇಕು. ಸಿಸ್ಟರ್ ಬಾಗಿಲಿಗೆ ಅಡ್ಡ ನಿಂತಳು. ಮನೋವೈದ್ಯೆ ಹಿಡಿದ ತೋಳು ಬಿಡಲಿಲ್ಲ. ಕಾರಿಡಾರಿನಲ್ಲಿ ಹೆಜ್ಜೆ ಸದ್ದಾದಾಗಲೆಲ್ಲ ಮೂವರೂ ಬೆಚ್ಚುತ್ತಿದ್ದರು.