ಹಲ್ಲಿನಿಂದ ಕೇಳುತ್ತಿದ್ದವರು

ಅವರು ಯಂತ್ರದ ನಾಡಿಯನ್ನು ಹಲ್ಲಿನಿಂದ ನೋಡುತ್ತಿದ್ದರು. ಮೂವತ್ತು ವರ್ಷ ಎಂಜಿನ್ನುಗಳ ಆರ್ಭಟದಲ್ಲೇ ಬಾಳಿ ಎರಡೂ ಕಿವಿಗಳನ್ನು ಅದಕ್ಕೇ ಧಾರೆಯೆರೆದಿದ್ದ ಆ ಮಹಾನುಭಾವರು, ಉದ್ದನೆಯ ಸ್ಕ್ರೂಡ್ರೈವರಿನ ಮರದ ಹಿಡಿಯನ್ನು ಕಚ್ಚಿ, ತುದಿಯನ್ನು ಓಡುತ್ತಿರುವ ಗೇರ್‌ಬಾಕ್ಸಿನ ಕವಚಕ್ಕೆ ಒತ್ತಿ, ಕಣ್ಣು ಮುಚ್ಚಿ ನಿಂತರೆಂದರೆ ಒಳಗಿನ ಚಕ್ರಗಳ ಕಷ್ಟಸುಖವೆಲ್ಲ ದವಡೆಯ ಮೂಲಕ ಅವರಿಗೆ ತಿಳಿಯುತ್ತಿತ್ತು.

ನಮ್ಮವರೇ ಕಟ್ಟಿದ ಮೊಟ್ಟಮೊದಲ ಹೆಲಿಕಾಪ್ಟರಿನ ಶಿಲ್ಪಿ ಅವರು. ಅದನ್ನು ಹಾರಿಸುವ ಪೈಲಟ್ ನಮ್ಮಣ್ಣ. ಹೆಲಿಕಾಪ್ಟರಿನ ನೆತ್ತಿಯ ಮೇಲೆ ತಿರುಗುವ ರೆಕ್ಕೆಗಳ ದೆಸೆಯಿಂದ ಆ ಶಿಲ್ಪಿ ಬೆನ್ನ ಹಿಂದೆ ಎಲ್ಲರಿಗೂ ‘ಫ್ಯಾನ್ ಮೇಷ್ಟ್ರು’. ಸದಾ ತಲೆಯೆತ್ತಿ ಆಕಾಶ ನೋಡುತ್ತ ನಡೆಯುತ್ತಿದ್ದುದರಿಂದ ಅವರು ಎಡವದ ಹೊಸ್ತಿಲಿಲ್ಲ. ಬೂದುಬಣ್ಣದ ಕೋಟು ಒಳಜೇಬಿನ ಸ್ಕ್ರೂಡ್ರೈವರಿನ ಭಾರಕ್ಕೆ ಒಂದು ಪಕ್ಕ ಜೋತುಬಿದ್ದಿರುತ್ತಿತ್ತು. ಏನೇ ಕೆಡಲಿ, ಬಾಯಲ್ಲಿ ಒಂದೇ ಮಾತು: “ಬಿಚ್ಚಿ ನೋಡೋಣ.” “ಮನೇಲಿ ಗಡಿಯಾರ ನಿಂತ್ರೆ ಇವರಿಗೆ ಹೇಳಲ್ಲಪ್ಪ,” ಎನ್ನುತ್ತಿದ್ದರು ಅವರ ಹೆಂಡತಿ, “ಆಮೇಲೆ ಟೈಮ್ ಕೇಳೋಕೆ ಪಕ್ಕದ ಮನೆಗೆ ಹೋಗ್ಬೇಕಾಗುತ್ತೆ.”

ಹನ್ನೊಂದು ವರ್ಷದ ಶ್ರಮದ ನಂತರ ಆ ಯಂತ್ರ ಗಣ್ಯರೆದುರು ಮೊದಲ ಬಾರಿಗೆ ಹಾರಬೇಕಾದ ದಿನ ಬಂತು. ಅಣ್ಣ ಸೀಟಿನಲ್ಲಿ ಕೂತಾಗಿತ್ತು. ಕ್ಯಾಬಿನ್ನಿನ ಚಾವಣಿಯ ಕಿಂಡಿಯಿಂದ ಕೊನೆಯ ಸಲ ಸ್ಕ್ರೂಡ್ರೈವರ್ ಒತ್ತಿ ನಿಂತ ಮೇಷ್ಟ್ರು ಥಟ್ಟನೆ ಕೈಯೆತ್ತಿದರು: “ನಿಲ್ಸಿ. ಟಿಕ್ ಟಿಕ್ ಅಂತಿದೆ.” ಗಣ್ಯರು ಗೊಣಗುತ್ತ ಕಾರು ಹತ್ತಿದರು. ಗೇರ್‌ಬಾಕ್ಸು ಮೂರು ದಿನ ಮೇಜಿನ ಮೇಲೆ ಚೂರುಚೂರಾಗಿ ಬಿದ್ದಿತ್ತು. ಹುಡುಕಿದ್ದೇ ಬಂತು, ಒಂದು ಗೀರೂ ಸಿಗಲಿಲ್ಲ.

ರೋಗ ಪತ್ತೆಯಾದದ್ದು ಅವರ ಅಡುಗೆಮನೆಯಲ್ಲಿ. ಮೂರನೆಯ ದಿನ ಊಟಕ್ಕೆ ಕೂತಿದ್ದಾಗ ಹೆಂಡತಿ ಬಡಿಸುತ್ತಿದ್ದ ಕೈ ತಡೆದು ಆಲಿಸಿ, ಅವರ ಕಿವಿಯ ಹತ್ತಿರ ಕೂಗಿ ಹೇಳಿದರಂತೆ: “ರೀ, ನಿಮ್ಮ ಗೇರ್‌ಬಾಕ್ಸ್ ಇಲ್ಲೇ ಟಿಕ್ ಟಿಕ್ ಅಂತಿದೆ, ಬಾಯಲ್ಲಿ!” ಕಟ್ಟಿಸಿಕೊಂಡಿದ್ದ ಹಲ್ಲಿನ ಸೆಟ್ಟು ಬಿರುಕುಬಿಟ್ಟಿತ್ತು.

ಅಯ್ಯೋ, ಆ ಅವಮಾನ ಯಾರಿಗೆ ಬೇಕು? “ಬೇರಿಂಗ್ ಬದಲಾಯಿಸಿದ್ವಿ ಅಂದ್ಬಿಡಿ ಸಾರ್, ಯಾರಿಗೆ ಗೊತ್ತಾಗುತ್ತೆ?” ಎಂದು ಸಹಾಯಕರು ಅಂಗಲಾಚಿದರು. ಮೇಷ್ಟ್ರು ಕೇಳಲಿಲ್ಲ. ಎಲ್ಲರನ್ನೂ ಹ್ಯಾಂಗರಿನಲ್ಲಿ ಸೇರಿಸಿ, ಕರ್ಚೀಫಿನಲ್ಲಿ ಸುತ್ತಿದ್ದ ಸೆಟ್ಟನ್ನು ಎತ್ತಿ ಹಿಡಿದು, ಬೊಚ್ಚುಬಾಯಲ್ಲೇ ತೊದಲಿದರು: “ಸದ್ದು ಇದರದ್ದು. ತಪ್ಪು ನಂದು. ಆದ್ರೆ ನಿಮಗೆ ಅನುಮಾನ ಬಂದ್ರೆ ನಿಲ್ಸಿ. ಜನ ನಗ್ತಾರೆ, ನಗಲಿ. ನಕ್ಕಿದ್ದಕ್ಕೆ ಯಾರೂ ಮೇಲಿಂದ ಬಿದ್ದಿಲ್ಲ.” ಜನ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಅಣ್ಣನೂ ನಕ್ಕ.

ಹೆಲಿಕಾಪ್ಟರೇನೋ ಮರುವಾರವೇ ಹಾರಿತು, ಹೆಸರನ್ನೂ ತಂದಿತು. ಮೇಷ್ಟ್ರು ನಿವೃತ್ತರಾಗಿ ಎರಡು ವರ್ಷಕ್ಕೆ, ಒಂದು ಬೆಳಿಗ್ಗೆ ಅಣ್ಣ ಇನ್ನೇನು ನೆಲ ಬಿಡಬೇಕು, ಅಷ್ಟರಲ್ಲಿ ಎಂದೂ ನಾಲ್ಕು ಮಾತಾಡದ ಫಿಟ್ಟರ್ ಹೆಂಗಸೊಬ್ಬರು ಓಡಿಬಂದು ಎದುರಿಗೆ ಎರಡೂ ಕೈ ಚಾಚಿ ನಿಂತರು. “ಯಾಕೆ ಅಂತ ಗೊತ್ತಿಲ್ಲ ಸಾರ್, ಹಿಂದಿನ ರೆಕ್ಕೆ ಕಡೆ ಏನೋ ಸರಿ ಇಲ್ಲ.” ಬಿಚ್ಚಿ ನೋಡಿದರೆ ಬಾಲದ ರೆಕ್ಕೆಯನ್ನು ತಿರುಗಿಸುವ ದಂಡದಲ್ಲಿ ಕೂದಲೆಳೆಯಷ್ಟು ಬಿರುಕು. ಹಾರಿದ್ದರೆ ಅಣ್ಣ ನಮಗೆ ದಕ್ಕುತ್ತಿರಲಿಲ್ಲ. ಅಣ್ಣ ಆ ಬಿರುಕನ್ನು ಬೆರಳಲ್ಲಿ ಸವರಿ ನೋಡಿ, “ಏನೂ ಇಲ್ದೇ ಇದ್ದಿದ್ರೆ ಏನಮ್ಮ ಮಾಡ್ತಿದ್ರಿ?” ಎಂದು ಕೇಳಿದ್ದಕ್ಕೆ ಆಕೆ ಹೇಳಿದರಂತೆ: “ಅಷ್ಟು ದೊಡ್ಡೋರೇ ಹಲ್ಲು ಕೈಲಿ ಹಿಡ್ಕೊಂಡು ನಿಂತಿದ್ರಲ್ಲ ಸಾರ್, ನನಗೇನು ನಾಚಿಕೆ?”

ಆ ಸಂಜೆಯೇ ಅಣ್ಣ ಮೇಷ್ಟ್ರ ಮನೆಗೆ ಹೋಗಿ ಕಾಲು ಮುಟ್ಟಿದ. ಕಿವಿ ಕೇಳದ ಅವರು, “ಯಾವುದು ಕೆಟ್ಟಿದೆ? ಬಿಚ್ಚಿ ನೋಡೋಣ,” ಎಂದು ಒಳಜೇಬಿಗೆ ಕೈಹಾಕಿದರಂತೆ.

ಹೊಸದನ್ನು ಕಟ್ಟಿದವರ ಪಟಗಳು ಗೋಡೆಯ ಮೇಲಿರುತ್ತವೆ, ಕೆಳಗೆ ಅವರು ಗೆದ್ದ ದಿನದ ತಾರೀಖು. ಅವರು ಎಲ್ಲರೆದುರು ಸೋತು ನಿಂತ ದಿನವನ್ನು ಯಾರೂ ಬರೆದಿಡುವುದಿಲ್ಲ. ಅಂಥ ಒಂದು ದಿನದ ಋಣದಲ್ಲಿ ನಮ್ಮ ಮನೆ ಇವತ್ತಿಗೂ ಇದೆ: ಅಣ್ಣನಿಗೀಗ ಎಪ್ಪತ್ತಾರು, ಅವನಿಗೂ ಹಲ್ಲಿನ ಸೆಟ್ಟು ಬಂದಿದೆ, ಊಟಕ್ಕೆ ಕೂತರೆ ಟಿಕ್ ಟಿಕ್ ಎನ್ನುತ್ತದೆ, ಆ ಸದ್ದನ್ನು ನಾವೆಲ್ಲ ಕಿವಿತುಂಬ ಕೇಳಿಸಿಕೊಳ್ಳುತ್ತೇವೆ.