ಫಕ್ಕೀರಪ್ಪನ ಕೆಂಪು ದೀಪ

ನಾನು ಒಂದು ಆಂಪ್ಲಿಫೈಯರ್. ಹುಬ್ಬಳ್ಳಿಯ ಒಂದೇ ಕೋಣೆಯ ರೇಡಿಯೋ ಅಂಗಡಿಯಲ್ಲಿ ಹುಟ್ಟಿದವನು. ತಗಡಿನ ಮೈ, ಎತ್ತಿದವರ ಸೊಂಟ ಹಿಡಿಯುವಷ್ಟು ಭಾರ, ಮುಖದ ಮೇಲೆ ಕೆಂಪು ಗಾಜಿನ ಹಿಂದೆ ಒಂದು ಪುಟ್ಟ ಬಲ್ಬ್. ಮೊದಲು ನಾಟಕ ಕಂಪನಿಯೊಂದರಲ್ಲಿ ಖಳನಾಯಕರ ಅಬ್ಬರ ಹೊತ್ತೆ. ಕಂಪನಿ ಮುಚ್ಚಿದ ಮೇಲೆ ಗದಗಿನ ಫಕ್ಕೀರಪ್ಪ ನನ್ನನ್ನು ಕೈಗಾಡಿಯಲ್ಲಿ ಮನೆಗೆ ತಂದ.

ಮದುವೆಮನೆಗಳಿಗೆ ಮೈಕ್ ಸೆಟ್ ಹಾಕುವುದು ಅವನ ಕಸುಬು. ಅವನ ಹೆಂಡತಿ ಕಲ್ಲವ್ವ ಅದೇ ಮದುವೆಗಳಲ್ಲಿ ಸೋಬಾನೆ ಹಾಡುವವಳು. ಮೂವತ್ತು ವರ್ಷ ಹಾರ್ನಿನ ಪಕ್ಕದಲ್ಲೇ ಕೂತು ಫಕ್ಕೀರಪ್ಪನ ಕಿವಿ ಪೂರಾ ಹೋಯಿತು. ಆದರೂ ಕೆಲಸ ನಿಲ್ಲಲಿಲ್ಲ. ದನಿ ಏರಿದಾಗ ನನ್ನ ದೀಪ ತುಸು ಮಂಕಾಗುತ್ತದೆ, ಇಳಿದಾಗ ಮತ್ತೆ ಹೊಳೆಯುತ್ತದೆ. ಹೆಂಡತಿಯ ಹಾಡನ್ನು ಅವನು ಆ ದೀಪದಲ್ಲೇ ಕೇಳುತ್ತಿದ್ದ, ಅದನ್ನು ನೋಡಿಯೇ ಗುಂಡಿ ತಿರುಗಿಸುತ್ತಿದ್ದ.

ಹೋದ ವೈಶಾಖದಲ್ಲಿ ಆ ಬಲ್ಬ್ ಸುಟ್ಟಿತು. ಬೆಟಗೇರಿಯ ಮದುವೆಯಲ್ಲಿ ಕಲ್ಲವ್ವ ಹಾಡಲು ಬಾಯಿ ತೆರೆದದ್ದೇ ತಡ, ನಾನು ಕುಂಯ್ ಎಂದು ಕಿರುಚತೊಡಗಿದೆ. ಮಂದಿ ಕಿವಿ ಮುಚ್ಚಿಕೊಂಡರು. ದೀಪವಿಲ್ಲದ ಫಕ್ಕೀರಪ್ಪ ಮಾತ್ರ ಅವಳ ತುಟಿ ನೋಡಿಕೊಂಡು ಹಾಯಾಗಿ ತಲೆದೂಗುತ್ತ ಕೂತಿದ್ದ! ಚಪ್ಪರವೆಲ್ಲ ಬಿದ್ದು ಬಿದ್ದು ನಕ್ಕಿತು. ಕಿರುಚಿದವನು ನಾನು, ನಗೆಪಾಟಲಾದವನು ಅವನು. ಕಲ್ಲವ್ವ ಹಾಡು ಬಿಟ್ಟು ಅವನ ಕೈ ಹಿಡಿದು ಎಬ್ಬಿಸಿಕೊಂಡು ಹೋದಳು.

ಬಲ್ಬಿಗಾಗಿ ಅವನು ಊರೆಲ್ಲ ತಿರುಗಿದ. ಅಂಥ ಬಲ್ಬ್ ಈಗ ಬರುವುದಿಲ್ಲವೆಂದು ಅಂಗಡಿಯವರದೆಲ್ಲ ಒಂದೇ ರಾಗ. ಎಲ್‌ಇಡಿ ಹಾಕು ಯಜಮಾನ, ನೀ ಸಾಯೋತನಕ ಉರಿತೈತಿ ಎಂದು ಕೈಸನ್ನೆ ಮಾಡಿದರು. ಹಾಕಿಸಿಯೂ ನೋಡಿದ. ಕಲ್ಲವ್ವ ಹಾಡಿದರೂ ಅದು ಅಷ್ಟೇ ಉರಿಯಿತು, ಸುಮ್ಮನಿದ್ದರೂ ಅಷ್ಟೇ. ಗೋರ್ಕಲ್ಲ ಮೇಲೆ ಮಳೆ ಕರೆದಂತೆ.

"ಸಾಕಾತು. ಇದನ್ನ ಗುಜರಿಗೆ ಹಾಕಿಬಿಡತೀನಿ," ಎಂದ ಫಕ್ಕೀರಪ್ಪ. ಕಲ್ಲವ್ವ ಸುಟ್ಟ ಬಲ್ಬನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟಳು.

ಮರುದಿನ ಅವಳ ಹಿಂದೆ ಸ್ಕೂಟರ್ ಮೆಕ್ಯಾನಿಕ್ ಮಾಬುಸಾಬ ಬಂದ. ಅಂಗಳದಲ್ಲೇ ತನ್ನ ಹಳೇ ಸ್ಕೂಟರಿನ ಮೀಟರ್ ಬಿಚ್ಚಿ, ಒಳಗಿನ ಬಲ್ಬ್ ಕಿತ್ತು ನನಗೆ ಕೂರಿಸಿದ.

"ನಿನ್ನ ಮೀಟರ್ ಕತ್ತಲಾತಲ್ಲೋ ಅಣ್ಣಾ," ಎಂದಳು ಕಲ್ಲವ್ವ.

"ನನ್ ಗಾಡಿ ಎಷ್ಟ್ ಓಡತೈತಿ ಅಂತ ಮೀಟರ್ ನೋಡಿ ತಿಳೀಬೇಕೇನವ್ವಾ? ಬೀದಿನಾಯಿ ಸುದ್ದಾ ಮುಂದ ಹೋಗತಾವ!"

ಕಲ್ಲವ್ವ ಮೈಕ್ ಹಿಡಿದು ಹಾಡಿದಳು. ಫಕ್ಕೀರಪ್ಪ ನನ್ನೆದುರು ಕುಕ್ಕರಗಾಲಲ್ಲಿ ಕೂತು ದೀಪವನ್ನೇ ನೋಡಿದ. ನಾಲ್ಕನೇ ಸಾಲಿಗೆ ಕೈಯೆತ್ತಿದ.

"ಸಾಲಿನ ಕಡೀಗೆ ಉಸಿರು ನುಂಗತೀಯಲ್ಲ! ಮೊದಲ ಹಿಂಗ ಇರಲಿಲ್ಲ ನೀ."

ಕಲ್ಲವ್ವ ನಕ್ಕಳೋ ಅತ್ತಳೋ, ಸೆರಗಿನಿಂದ ಮುಖ ಒರೆಸಿಕೊಂಡಳು. "ನೋಡೋ ಅಣ್ಣಾ, ನನ್ ತಪ್ಪು ಇವರಿಗೊಬ್ಬರಿಗೇ ಕೇಳಸತೈತಿ."

ಈಗ ನನಗೂ ವಯಸ್ಸಾಗಿದೆ. ಮದುವೆಗಳಿಗೆ ಹೋಗುವುದು ಅಪರೂಪ, ಪಡಸಾಲೆಯ ಮೂಲೆಯೇ ನನ್ನ ಲೋಕ. ಗುಜರಿಗೆ ಹೋಗಬೇಕಾದವನನ್ನು ತಡೆದ ಆ ಹೆಂಗಸಿಗೂ ಮಾಬುಸಾಬನಿಗೂ ನಾನು ಏಳು ಜನ್ಮಕ್ಕೂ ಋಣಿ. ಸಂಜೆ ಕಲ್ಲವ್ವ ಒಂದು ಹಾಡು ಹಾಡುತ್ತಾಳೆ. ಕಡೆಯ ಸಾಲನ್ನು ಪೂರ್ತಿ ಉಸಿರಿನಲ್ಲಿ ದಾಟಿದ ದಿನ ಫಕ್ಕೀರಪ್ಪ ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. ಇನ್ನೊಂದು ಎಂದು ಬೆರಳೆತ್ತುತ್ತಾನೆ.