ಉಪ್ಪಿಲ್ಲದ ಡಬ್ಬಿ

ಬಂದ ಹೆಂಗಸರೆಲ್ಲರ ಬಾಯಿಯನ್ನೇ ವಸಂತಿ ನೋಡುತ್ತಿದ್ದಳು. ಅಳುವವರ ಬಾಯಿ ತೆರೆದೇ ಇರುವುದರಿಂದ ಕೆಲಸ ಸುಲಭವಾಗಿತ್ತು. ಮೇಲಿನ ಮಹಡಿಯ ಮರಾಠಿ ಅಜ್ಜಿ ಬೊಚ್ಚುಬಾಯಲ್ಲಿ ಗೋಳಾಡಿದಾಗ ಒಂದು ಕ್ಷಣ ಬಿಗಿಯಾದಳು. ಆದರೆ ಆ ಅಜ್ಜಿಗೆ ತೊಂಬತ್ತು ಸಮೀಪಿಸಿತ್ತು. ಅವಳು ಲಿಫ್ಟಿನಲ್ಲಿದ್ದರೆ ವಸಂತಿಯ ಗಂಡ ರಮಾಕಾಂತ ರಾಯರು ಮೆಟ್ಟಿಲು ಹತ್ತುತ್ತಿದ್ದರು.

ರಾಯರೀಗ ಹಾಲಿನ ನಡುವೆ ಚಾಪೆಯ ಮೇಲೆ, ಮೂಗಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದರು. ಬೆಳಗಿನ ಜಾವ ನಿದ್ದೆಯಲ್ಲೇ ಹೋದವರು. ಡೊಂಬಿವಲಿಯ ಫ್ಲ್ಯಾಟಿನ ಹಾಲು ಒಂದು ಹೆಣವನ್ನು ಲೆಕ್ಕ ಹಿಡಿದು ಕಟ್ಟಿದ್ದಲ್ಲವಾದ್ದರಿಂದ ಅರ್ಧ ಜನ ಮೆಟ್ಟಿಲ ಮೇಲೆಯೇ ನಿಂತು ದುಃಖಿಸುತ್ತಿದ್ದರು.

"ಅಮ್ಮ, ಸಬ್ಕೋ ಐಸೇ ಮತ್ ದೇಖೋ ನಾ," ಎಲ್ಲರನ್ನೂ ಹಾಗೆ ದಿಟ್ಟಿಸಬೇಡವೆಂದು ಮಗಳು ಅಕ್ಷಯಾ ಪಿಸುಗುಟ್ಟಿದಳು.

"ಒಬ್ಬಳು ಬರ್ಲಿಕ್ಕುಂಟು. ಬಂದೇ ಬರ್ತಾಳೆ."

"ಕೌನ್?"

"ಹಲ್ಲಿಲ್ಲದವಳು. ಬಿಪಿ ಉಂಟು. ಮೊಣಗಂಟು ನೋವು ಸಹ ಉಂಟು."

ಅಕ್ಷಯಾ ತಾಯಿಯ ಹಣೆ ಮುಟ್ಟಿ ನೋಡಿದಳು.

* * *

ಮೂವತ್ತು ವರ್ಷ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರು ರಾಯರು. ಹೋಟೆಲು ಮುಚ್ಚಿ ಅಲ್ಲಿ ಮೊಬೈಲ್ ಅಂಗಡಿ ಬಂದ ಮೇಲೆ ಮನೆಯಲ್ಲಿ ಕೂತರು. ಕೆಲವು ತಿಂಗಳಲ್ಲಿ ಇದ್ದಕ್ಕಿದ್ದಂತೆ ಅಡುಗೆಗೆ ಇಳಿದರು. ಮಧ್ಯಾಹ್ನ ವಸಂತಿ ಮಲಗಿದಾಗ ಚಿಕ್ಕ ಕುಕ್ಕರು ಕೂಗುತ್ತಿತ್ತು. ಸಂಜೆ ಸ್ಟೀಲಿನ ಡಬ್ಬಿ ಹಿಡಿದು ಹೊರಟವರು, ಮರಳುವಾಗ ಹಿಂದಿನ ದಿನದ ಡಬ್ಬಿ ತರುತ್ತಿದ್ದರು. ತೊಳೆದ ಡಬ್ಬಿ!

ಕುಡಿದ ಲೋಟವನ್ನು ಸಿಂಕಿನವರೆಗೂ ಮುಟ್ಟಿಸದ ಗಂಡ. ಹಾಗಾದರೆ ತೊಳೆಯುವವರು ಯಾರು? ಕೇಳಿದರೆ, "ಹೋಟೆಲಿನ ಹಳೇ ಗುರುತಿನವರಿಗೆ," ಎಂಬ ಉತ್ತರ.

ಒಂದು ದಿನ ಮುಚ್ಚಳ ತೆಗೆದು ರುಚಿ ನೋಡಿದಳು. ಅನ್ನ, ಸಿಹಿಗುಂಬಳ, ಕ್ಯಾರೆಟ್ಟು, ಎಲ್ಲ ಬೆಣ್ಣೆಯಂತೆ ನುರಿದದ್ದು: ಹಲ್ಲಿಲ್ಲ. ಒಂದು ಹರಳು ಉಪ್ಪಿಲ್ಲ: ಬಿಪಿ. ಒಗ್ಗರಣೆಯಿಲ್ಲ, ಕಾಳುಮೆಣಸಿನ ಪುಡಿ, ಧಾರಾಳ ಅರಸಿನ, ಮೇಲೊಂದು ಚಮಚ ತೆಂಗಿನೆಣ್ಣೆ: ಗಂಟುನೋವು. ಹೆಂಗಸು ಕಣ್ಣಿಗೆ ಕಟ್ಟಿದಂತೆ ನಿಂತಳು. ಚೆಲುವೆಯಾಗಿದ್ದರೆ ವಸಂತಿ ಅರ್ಥಮಾಡಿಕೊಳ್ಳುತ್ತಿದ್ದಳೋ ಏನೋ. ತನ್ನದೂ ಗಂಟುನೋವೇ, ತನಗೆಂದು ಈ ಮನುಷ್ಯ ಒಂದು ಚಿಟಿಕೆ ಅರಸಿನ ಅರೆದವರಲ್ಲ.

ಮಂಗಳವಾರ ಟಿಟ್ವಾಳಾ ಗಣಪತಿಗೆಂದು ಹೊರಟವರನ್ನು ಒಮ್ಮೆ ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ಹಿಂಬಾಲಿಸಿಯೂ ಹೋದಳು. ರಾಯರು ನಿಜಕ್ಕೂ ಗಣಪತಿಯ ಗುಡಿಗೇ ಹೋದರು. ಇದರಿಂದ ಅವಳ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

* * *

ಚಟ್ಟ ಕಟ್ಟುವ ಹೊತ್ತಿಗೆ ಒಬ್ಬ ಅಪರಿಚಿತ ಹೆಂಗಸು ಬಾಗಿಲಲ್ಲಿ ನಿಂತಳು. ಐವತ್ತರ ಸುಮಾರು, ಕುತ್ತಿಗೆಯಲ್ಲಿ ದರ್ಜಿಯ ಟೇಪು ಹಾಗೇ ನೇತಾಡುತ್ತಿತ್ತು. ಕೈಯಲ್ಲಿ ಡಬ್ಬಿ.

ವಸಂತಿ ಅವಳ ಬಾಯಿ ನೋಡಿದಳು. ಹಲ್ಲು ಪೂರ್ತಿ ಇದ್ದವು.

"ಉಮಾವತಿ ಅಂತ, ಅಮ್ಮ. ಹೋಟೆಲಿನ ಪಕ್ಕ ನಂದು ಬ್ಲೌಸು ಹೊಲಿಯುವ ಅಂಗಡಿ. ಮಾರ್ಕೆಟಿನಲ್ಲಿ ಸುದ್ದಿ ಕೇಳಿ ಓಡಿ ಬಂದೆ. ಇದು ನಿನ್ನೆಯ ಡಬ್ಬಿ, ತೊಳ್ದಿದ್ದೇನೆ."

ರಾಯರ ಅಣ್ಣ ಕಿಟ್ಟಣ್ಣ ಹಗ್ಗ ಬಿಟ್ಟು ಒಳಗೆ ಬಂದರು. "ದಿನಾ ನಿಮಗೇ ಕೊಡ್ತಿದ್ದನಾ?"

"ನನಗೆಂತಕ್ಕೆ! ನಾಯಿಗೆ."

"ನಾಯಿಗೆ," ಎಂದರು ಕಿಟ್ಟಣ್ಣ, ಖೋಟಾ ನೋಟನ್ನು ಬೆಳಕಿಗೆ ಹಿಡಿದವರಂತೆ. "ಯಾವ ನಾಯಿ?"

"ಹೋಟೆಲಿನ ಹಿಂದೆ ಇರ್ತಿತ್ತಲ್ಲ, ಮ್ಯಾನೇಜರ್. ರಾಯರೇ ಇಟ್ಟ ಹೆಸರು. ಮ್ಯಾನೇಜರಿಗೆ ಬಯ್ಲಿಕ್ಕೆ ಬೇರೆ ದಾರಿ ಇರ್ಲಿಲ್ಲ ಅಂತಿದ್ರು. ಮುದಿ ಆಗಿದೆ, ಹಿಂದಿನ ಕಾಲು ಏಳುವುದಿಲ್ಲ. ಡಾಕ್ಟ್ರು ಮೆತ್ತಗಿನದ್ದು ಕೊಡಿ, ಉಪ್ಪು ನೀರುಳ್ಳಿ ಬೇಡ ಅಂದ್ರು. ರಾಯರ ಅನ್ನದ ಮೇಲೆ ನಾನು ಆಡಿನ ಕಾಲಿನ ಸೂಪು ಹೊಯ್ಯುವುದು."

ನೆಂಟರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಹಾಲಿನಲ್ಲಿ ಜಾಗ ಇದ್ದದ್ದು ಅಷ್ಟೇ.

"ಇವನೂ ಅದನ್ನು..." ಕಿಟ್ಟಣ್ಣ ಹೆಣದ ಕಡೆ ನೋಡಿದರು.

"ಅಯ್ಯೋ, ಇಲ್ಲ! ಸೂಪಿನ ಪಾತ್ರೆ ತೆಗೆದ್ರೆ ಮೂಗಿಗೆ ಕರ್ಚೀಫು ಹಿಡ್ದು ರಸ್ತೆಯ ಆಚೆ ನಿಲ್ತಿದ್ರು."

"ಮನೇಲಿ ಯಾಕೆ ಹೇಳ್ಲಿಲ್ಲ?" ವಸಂತಿ ಮೊದಲ ಸಲ ಉಮಾವತಿಯೊಡನೆ ಮಾತಾಡಿದಳು.

"ನಾನೂ ರಾಯರನ್ನ ಕೇಳಿದ್ದೆ. ನಾಯಿಗೆ ಅನ್ನ ಹಾಕ್ಬಾರ್ದು ಅಂತ ಫ್ಲ್ಯಾಟಿನ ಸೊಸೈಟಿಯ ಬೋರ್ಡಿಗೆ ನೋಟಿಸು ಹಚ್ಚಿದ ಸೆಕ್ರೆಟರಿಯೇ ನಾನು, ಹೇಳಿದ್ರೆ ಮರ್ಯಾದೆ ಉಂಟಾ ಅಂದ್ರು."

ಇದು ಮಾತ್ರ ನಿಜವಿರಬಹುದು ಎನಿಸಿತು ವಸಂತಿಗೆ. ಆ ನೋಟಿಸು ಇನ್ನೂ ಕೆಳಗೇ ಇತ್ತು.

"ಗಂಡಾ, ಹೆಣ್ಣಾ?"

"ಗಂಡು, ಅಮ್ಮ."

"ಇವತ್ತು ಅದಕ್ಕೆ ಊಟ?"

"ನಾನು ಹಾಕಿದ್ರೆ ಮೂಸುವುದೂ ಇಲ್ಲ. ಒಂದು ದಿನ ಡಬ್ಬಿಯಲ್ಲಿ ಮುಷ್ಟಿ ಉಪ್ಪು ಬಿದ್ದಿತ್ತಂತೆ. ಪಾಪ, ಎರಡು ದಿನ ಕಾರಿತು. ಅಂದಿನಿಂದ ನಂಬುವುದಿಲ್ಲ. ರಾಯರು ದಿನಾ ಮೊದಲು ಒಂದು ತುತ್ತು ತಾವು ತಿಂದು ತೋರಿಸ್ಬೇಕು, ಆಮೇಲೆಯೇ ನನ್ನ ಸೂಪು."

ವಸಂತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಈಗ ಅತ್ತಳು ಎಂದು ನೆರೆದವರಿಗೆ ಸಮಾಧಾನವಾಯಿತು.

* * *

ಉಪ್ಪು ಬಿದ್ದ ಆ ಸಂಜೆ, ಡಬ್ಬಿ ತುಂಬಿಟ್ಟು ರಾಯರು ಅಂಗಿ ಹಾಕಿಕೊಳ್ಳಲು ಒಳಕ್ಕೆ ಹೋಗಿದ್ದರು. ಉಪ್ಪಿನ ಭರಣಿ ಕೈಗೆ ಸಿಗುವಂತಿತ್ತು. ಬಿಪಿ ಇದ್ದವಳು ತಿನ್ನಲಿ, ಎಂದು ವಸಂತಿ ಒಂದು ಮುಷ್ಟಿ ಹಾಕಿ ಕಲಸಿ ಮುಚ್ಚಳ ಒತ್ತಿದಳು.

ಮಾರನೆಯ ದಿನ ರಾಯರು ಭರಣಿಯನ್ನು ಮೇಲಿನ ಶೆಲ್ಫಿಗೆ ಎತ್ತಿಟ್ಟರು. ಗಂಟುನೋವಿನವಳಿಗೆ ಕೈ ಎಟುಕದಷ್ಟು ಮೇಲಕ್ಕೆ.

* * *

ಸ್ಮಶಾನದಿಂದ ಒದ್ದೆ ಪಂಚೆಯಲ್ಲಿ ಮರಳಿದ ಕಿಟ್ಟಣ್ಣ ಬಾಗಿಲಲ್ಲೇ ನಿಂತುಬಿಟ್ಟರು. ಚಿಕ್ಕ ಕುಕ್ಕರು ಕೂಗುತ್ತಿತ್ತು.

"ಸೂತಕದ ಮನೇಲಿ ಒಲೆ! ಪಕ್ಕದ ಮನೆಯವರು ಪುಲಾವು ಕಳಿಸಿದ್ದಾರಲ್ಲ?"

"ಅದರಲ್ಲಿ ನೀರುಳ್ಳಿ ಉಂಟು, ಭಾವ."

"ಮತ್ತೆ ಈ ಡಬ್ಬಿ? ಇವತ್ತೇ ಹೊಸ್ತಿಲು ದಾಟ್ತೀಯಾ? ಜನ ಎಂತ ಹೇಳುದು?"

"ಜನ ಹೇಳುವುದನ್ನೆಲ್ಲ ನಾನು ನಿನ್ನೆವರೆಗೆ ಹೇಳಿ ಆಗಿದೆ."

ರಿಕ್ಷಾದಲ್ಲಿ ಅಕ್ಷಯಾ ಕೇಳಿದಳು, "ಅಮ್ಮ, ಔರ್ ಅಗರ್ ಕುತ್ತಾ ಹೋಗಾಚ್ ನಹೀ ತೋ?"

"ನಾಯಿ ಉಂಟಾ ಇಲ್ವಾ ಅಂತ ನೋಡ್ಲಿಕ್ಕೇ ಹೋಗುವುದು."

ನಾಯಿ ಇತ್ತು. ಉಮಾವತಿಯ ಅಂಗಡಿಯ ಕಟ್ಟೆಯ ಮೇಲೆ, ಗೋಣಿಯ ಮೇಲೆ, ಮೂತಿ ಪೂರ್ತಿ ನರೆತ ಕಂದುನಾಯಿ. ಡಬ್ಬಿಯ ಸದ್ದಿಗೆ ಏಳಲು ಹೋಯಿತು. ಮುಂದಿನ ಕಾಲು ಎದ್ದವು, ಹಿಂದಿನವು ಒಪ್ಪಲಿಲ್ಲ. ವಸಂತಿ ಶಟರಿನ ಕಂಬಿ ಹಿಡಿದು ಸ್ವಲ್ಪ ಸ್ವಲ್ಪವೇ ಬಗ್ಗಿ ಕಟ್ಟೆಯ ಮೇಲೆ ಕೂತಳು. ಇಬ್ಬರ ಗಂಟುಗಳೂ ಸದ್ದು ಮಾಡಿದವು.

ನಾಯಿ ಡಬ್ಬಿಯನ್ನು ಮೂಸಿತು. ಅವಳ ಕೈಯನ್ನು ಮೂಸಿ ಮೂತಿಯನ್ನು ಹಿಂದಕ್ಕೆಳೆದುಕೊಂಡಿತು. ಅವಳ ಭುಜದಾಚೆ ಸ್ಟೇಷನ್ನಿನ ಕಡೆಯ ರಸ್ತೆಯನ್ನು ಸುಮಾರು ಹೊತ್ತು ನೋಡಿತು.

ಉಮಾವತಿ ಸೂಪಿನ ಪಾತ್ರೆ ಹಿಡಿದು ದೂರ ನಿಂತಳು.

ವಸಂತಿ ಒಂದು ತುತ್ತು ತೆಗೆದು ಬಾಯಿಗಿಟ್ಟಳು. ಉಪ್ಪಿರಲಿಲ್ಲ. ಅಗಿಯುವಂಥದ್ದು ಏನೂ ಇರಲಿಲ್ಲವಾದರೂ ನಿಧಾನವಾಗಿ ಅಗಿದಳು.

ಮ್ಯಾನೇಜರ್ ಅವಳ ಬಾಯಿಯನ್ನೇ ನೋಡುತ್ತಿತ್ತು. ಆಮೇಲೆ, ನುಂಗುವವರೆಗೂ, ಗಂಟಲನ್ನು.